ಹುಡುಕಿದರೂ ಸಿಗದ ಹಾಗೆ ಇಟ್ಟ ಪುಸ್ತಕಗಳು

ಅಂಬೇಡ್ಕರರ ‘ದಿ ಪ್ರಾಬ್ಲಂ ಆಫ್ ದಿ ರುಪೀ’ 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ರೂಪಾಯಿ, ಬೆಳ್ಳಿ, ಚಿನ್ನ, ವಿನಿಮಯ ದರ ಇವೇ ಅದರ ವಿಷಯ. ಈಚೆಗೆ ಒಂದು ಡಿಜಿಟಲ್ ಗ್ರಂಥಾಲಯದ ಸೈಟಿನಲ್ಲಿ (ಯಾರದು ಅಂತ ಬೇಡ, ಇವರೊಬ್ಬರೇ ಅಲ್ಲ) ಅದನ್ನು ಹುಡುಕಿದೆ. ಅರ್ಥಶಾಸ್ತ್ರದ ವಿಭಾಗದಲ್ಲಿ ಇಲ್ಲ. ಇತಿಹಾಸದಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ‘ದಲಿತ ಮತ್ತು ಹಿಂದುಳಿದ ವರ್ಗ’ ಅನ್ನೋ ವಿಭಾಗದಲ್ಲಿ. ಸಂವಿಧಾನದ ಬಗ್ಗೆ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’, ‘ಬುದ್ಧ ಮತ್ತು ಆತನ ಧಮ್ಮ’, ಮಕ್ಕಳಿಗೆ ಬರೆದ ಅಂಬೇಡ್ಕರ್ ಜೀವನಚರಿತ್ರೆ ಎಲ್ಲವೂ ಅಲ್ಲೇ ರಾಶಿ ಬಿದ್ದಿವೆ. ಅರ್ಥಶಾಸ್ತ್ರ ಓದುವ ಹುಡುಗನೊಬ್ಬ ‘ಅರ್ಥಶಾಸ್ತ್ರ’ ಅಂತ ಒತ್ತಿ ಹೊರಟರೆ ಈ ದೇಶದ ನಾಣ್ಯಪದ್ಧತಿಯ ಬಗ್ಗೆ ಬರೆದ ಆ ಮನುಷ್ಯ ಅವನ ಕಣ್ಣಿಗೆ ಬೀಳೋದೇ ಇಲ್ಲ.

ಇದು ಸಾಫ್ಟ್‌ವೇರ್‌ನವರ ಕೆಲಸ, ಚಳವಳಿಗೂ ಇದಕ್ಕೂ ಏನು ಸಂಬಂಧ ಅಂತ ನಮ್ಮ ಗೆಳೆಯರೇ ಕೇಳ್ತಾರೆ. ಸಂಬಂಧ ಇದೆ. ಊರಿನ ಲೈಬ್ರರಿಯಲ್ಲಾದರೆ ರ‍್ಯಾಕುಗಳ ನಡುವೆ ಓಡಾಡುವಾಗ ಬೇಡದ ಕಡೆ ಇಟ್ಟ ಪುಸ್ತಕವೂ ಕೈಗೆ ತಾಗಬಹುದು. ಲಕ್ಷಗಟ್ಟಲೆ ಪುಸ್ತಕ ಇರೋ ಸೈಟಿನಲ್ಲಿ ಓಡಾಟ ಇಲ್ಲ. ಮೆನುವಿನಲ್ಲಿ ಕಾಣದ್ದು, ಹುಡುಕಾಟಕ್ಕೆ ಸಿಗದ್ದು ಇದ್ದೂ ಇಲ್ಲದ ಹಾಗೆ. ಹಾಗಾಗಿ ವಿಭಾಗ ಮಾಡುವವನ ಕೈಯಲ್ಲಿ ದೊಡ್ಡ ಅಧಿಕಾರ ಇದೆ. ಊರು ಎಲ್ಲಿ, ಕೇರಿ ಎಲ್ಲಿ ಅಂತ ಗೆರೆ ಎಳೆಯುವವನು ಅವನೇ.

ಇದು ಹೊಸ ಜಗಳ ಅಲ್ಲ. ಜಗತ್ತಿನ ಬಹಳಷ್ಟು ಲೈಬ್ರರಿಗಳು ಬಳಸುವ ದಶಮಾಂಶ ವರ್ಗೀಕರಣವನ್ನು 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ. ಧರ್ಮಕ್ಕೆ 200ರ ಸಾಲು. ಅದರಲ್ಲಿ 220ರಿಂದ 280ರ ಕೊನೆಯವರೆಗೂ ಕ್ರೈಸ್ತ ಧರ್ಮಕ್ಕೇ. ಜಗತ್ತಿನ ಉಳಿದೆಲ್ಲ ಧರ್ಮಗಳಿಗೆ 290ರ ಒಂದು ಮೂಲೆ. ಅದರೊಳಗೆ ಬೌದ್ಧ ಧರ್ಮ 294.3, ಹಿಂದೂ ಧರ್ಮ 294.5. ಬಾಬಾಸಾಹೇಬರು 1956ರಲ್ಲಿ ಲಕ್ಷಾಂತರ ಜನರ ಜೊತೆ ಹೊರಗೆ ನಡೆದು ಬಂದರೂ ಲೈಬ್ರರಿಯಲ್ಲಿ ಮಾತ್ರ ಅದೇ 294ರ ಓಣಿ! ಡ್ಯೂಯಿಯ ಕ್ಲಬ್ಬಿಗೆ ಯಹೂದಿಗಳಿಗೂ ಕಪ್ಪು ಜನರಿಗೂ ಪ್ರವೇಶ ಇರಲಿಲ್ಲ. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವೇ ತನ್ನ ಪದಕದಿಂದ ಅವನ ಹೆಸರನ್ನು ತೆಗೆದುಹಾಕಿತು.

ಇಲ್ಲಿ ಒಬ್ಬ ಹೆಣ್ಣುಮಗಳ ಕತೆ ಹೇಳಲೇಬೇಕು. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯ ಕಪ್ಪು ಜನರ ವಿದ್ಯಾಸಂಸ್ಥೆ. 1930ರಲ್ಲಿ ಡೊರೊತಿ ಪೋರ್ಟರ್ ಎಂಬ ಕಪ್ಪು ಮಹಿಳೆ ಅಲ್ಲಿನ ಸಂಗ್ರಹವನ್ನು ಕೈಗೆತ್ತಿಕೊಂಡರು. ಆಗ ಬಿಳಿಯರ ಲೈಬ್ರರಿಗಳಲ್ಲಿ ಕಪ್ಪು ಲೇಖಕ ಏನೇ ಬರೆದಿರಲಿ, ಎರಡೇ ನಂಬರು: ವಸಾಹತು ಅಂದರೆ 325, ಇಲ್ಲವೇ ಗುಲಾಮಗಿರಿ ಅಂದರೆ 326. ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದ ಕವಿತೆಗಳ ಪುಸ್ತಕವೂ 325ಕ್ಕೇ ಹೋಗುತ್ತಿತ್ತು. ಪೋರ್ಟರ್ ಇದನ್ನು ಒಪ್ಪಲಿಲ್ಲ. ಕವಿತೆಯನ್ನು ಕಾವ್ಯಕ್ಕೆ, ಸಂಗೀತವನ್ನು ಸಂಗೀತಕ್ಕೆ, ಚರಿತ್ರೆಯನ್ನು ಚರಿತ್ರೆಗೆ ಹಾಕಿದರು. ಹಾಗಂತ ಕಪ್ಪು ಜನರ ಸಂಗ್ರಹ ಅನ್ನೋ ಗುರುತನ್ನು ಬಿಟ್ಟುಕೊಡಲಿಲ್ಲ. ಅದೇ ಗುರುತಿನ ಕೆಳಗೆ ಇಡೀ ಜ್ಞಾನಲೋಕವನ್ನು ಜೋಡಿಸಿದರು.

ನಮ್ಮಲ್ಲಿ ಈ ಎರಡನೇ ಭಾಗವನ್ನು ಮರೆಯುವವರಿದ್ದಾರೆ. ‘ದಲಿತ ಸಾಹಿತ್ಯ ಅಂತ ಪ್ರತ್ಯೇಕ ವಿಭಾಗವೇ ಬೇಡ, ಸಾಹಿತ್ಯ ಅಂದರೆ ಸಾಹಿತ್ಯ’ ಅಂತ ವೇದಿಕೆ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತೆ. ನಾನು ಒಪ್ಪೋದಿಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಹಿಂದೆ ಬಂದ ಹೊಡೆತ, ಆಮೇಲೆ ಎದ್ದು ನಿಂತ ದಲಿತ ಸಂಘರ್ಷ ಸಮಿತಿ ಇದೆಲ್ಲ ಸೇರಿ ಗಳಿಸಿಕೊಂಡ ಹೆಸರು ಅದು. ಆ ಗುರುತನ್ನು ಅಳಿಸಿದರೆ ಕನ್ನಡ ಕಾದಂಬರಿ ಅನ್ನೋ ಸಾವಿರಾರು ಹೆಸರಿನ ಪಟ್ಟಿಯಲ್ಲಿ ‘ಕುಸುಮಬಾಲೆ’ಯನ್ನು ಯಾರು ಎಲ್ಲಿ ಅಂತ ಹುಡುಕಬೇಕು? ಅದು ಕಾದಂಬರಿಯಲ್ಲೂ ಸಿಗಬೇಕು, ದಲಿತ ಸಾಹಿತ್ಯದಲ್ಲೂ ಸಿಗಬೇಕು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಆತ್ಮಕಥೆಯಲ್ಲೂ ಸಿಗಬೇಕು, ಬೆಂಗಳೂರಿನ ಚರಿತ್ರೆ ಹುಡುಕುವವರಿಗೂ ಸಿಗಬೇಕು.

ಕಾಗದದ ಪುಸ್ತಕಕ್ಕೆ ಒಂದೇ ಜಾಗ, ಸರಿ. ಕಂಪ್ಯೂಟರಿಗೆ ಆ ಬಡತನ ಇಲ್ಲವಲ್ಲ. ಒಂದೇ ಪುಸ್ತಕವನ್ನು ಹತ್ತು ಬಾಗಿಲಿನಿಂದ ತೋರಿಸಬಹುದು. ಈ ದಾರಿಯನ್ನು ತೋರಿಸಿದವರು ನಮ್ಮ ದೇಶದವರೇ, ಎಸ್.ಆರ್. ರಂಗನಾಥನ್. ಲಂಡನ್ನಿನ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ನೋಡಿದಾಗ ಅವರಿಗೆ ಹೊಳೆಯಿತಂತೆ: ಬಿಡಿ ತುಂಡುಗಳನ್ನು ಜೋಡಿಸಿ ಏನು ಬೇಕಾದರೂ ಕಟ್ಟಬಹುದು ಅಂತ. 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಒಂದು ವಿಷಯವನ್ನು ಒಂದೇ ಮರದ ಒಂದೇ ಕೊಂಬೆಗೆ ನೇತುಹಾಕುವ ಬದಲು, ಅದು ಯಾವುದರ ಬಗ್ಗೆ, ಅಲ್ಲಿ ಏನು ನಡೆಯುತ್ತಿದೆ, ಎಲ್ಲಿ, ಯಾವ ಕಾಲದಲ್ಲಿ ಅಂತ ಮುಖ ಮುಖವಾಗಿ ಬಿಡಿಸಿ ನೋಡುವ ಕ್ರಮ. 1962ರಲ್ಲಿ ಬೆಂಗಳೂರಿನಲ್ಲೇ ಅವರು ಇದಕ್ಕೊಂದು ತರಬೇತಿ ಕೇಂದ್ರ ಕಟ್ಟಿದರು. ಇವತ್ತು ಆನ್‌ಲೈನಿನಲ್ಲಿ ಅಂಗಿ ಕೊಳ್ಳುವಾಗ ಬಣ್ಣ, ಸೈಜು, ಬೆಲೆ, ಬಟ್ಟೆ ಅಂತ ಎಡಗಡೆ ಟಿಕ್ ಹಾಕ್ತೀವಲ್ಲ, ಅದು ಇದೇ ಜಾತಿಯ ಯೋಚನೆ. ಅಂಗಿಗೆ ಹತ್ತು ಮುಖ ಇದೆ. ಅಂಬೇಡ್ಕರಿಗೆ ಒಂದೇ ಮುಖ.

ಹೆಸರಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಪಂಚಮ, ಆದಿ ಕರ್ನಾಟಕ, ಹರಿಜನ, ಪರಿಶಿಷ್ಟ ಜಾತಿ, ದಲಿತ. ಒಂದೊಂದು ಕಾಲದ ಕಾಗದದಲ್ಲಿ ನಮಗೆ ಒಂದೊಂದು ಹೆಸರು. ಇವತ್ತಿನ ವಿದ್ಯಾರ್ಥಿ ‘ದಲಿತ’ ಅಂತ ಟೈಪ್ ಮಾಡಿದರೆ 1940ರ ವರದಿ ಬರೋದಿಲ್ಲ, ಯಾಕಂದ್ರೆ ಅದರಲ್ಲಿ ಆ ಪದವೇ ಇಲ್ಲ. ಹಳೆಯ ಶೀರ್ಷಿಕೆಯನ್ನು ತಿದ್ದೋದು ತಪ್ಪು, ಅದು ದಾಖಲೆ, ನಮ್ಮನ್ನು ಏನಂತ ಕರೆದರು ಅನ್ನೋದಕ್ಕೆ ಅದೇ ಸಾಕ್ಷಿ. ಆದರೆ ಒಳಗಿನಿಂದ ಈ ಪದಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಬೇಕು. ಆಫೀಸಿನಲ್ಲಿ ಗುಮಾಸ್ತೆ ಕೆಲಸ ಮಾಡುವ ಯಾರನ್ನಾದರೂ ಕೇಳಿ, ವಿಷಯದ ಹೆಸರು ಬದಲಾದಾಗ ರಿಜಿಸ್ಟರಿನಲ್ಲಿ ‘ಹಳೆಯ ಕಡತ ಇಲ್ಲಿ ನೋಡಿ’ ಅಂತ ಒಂದು ಸಾಲು ಬರೆಯದಿದ್ದರೆ ಆ ಕಡತ ಸತ್ತ ಹಾಗೆ.

ಗಂಟು ಹಾಕುವಾಗಲೂ ಎಚ್ಚರ ಬೇಕು. ಎಲ್ಲವನ್ನೂ ಒಂದೇ ಮೂಟೆ ಮಾಡಿದರೆ ಏನಾಗುತ್ತೆ ಅಂತ ನಾವು ನೋಡಿದ್ದೀವಿ. ಆದಿ ಕರ್ನಾಟಕ, ಆದಿ ದ್ರಾವಿಡ ಗೌರವದ ಹೆಸರುಗಳಾಗಿ ಬಂದವು. ಒಳಮೀಸಲಾತಿಗಾಗಿ 2025ರಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಮನೆಮನೆಗೆ ಬಂದಾಗ, ಆ ಹೆಸರಿನ ಕೆಳಗೆ ಹೊಲೆಯರು ಯಾರು, ಮಾದಿಗರು ಯಾರು ಅಂತ ಬಿಡಿಸೋದೇ ದೊಡ್ಡ ಪಾಡಾಯಿತು. 101 ಜಾತಿಗಳ ಪಟ್ಟಿ ನಮ್ಮದು. ಒಂದೇ ಗುಂಡಿಯ ಕೆಳಗೆ ಹಾಕಿದರೆ ಸಣ್ಣವರು ಕಾಣೆಯಾಗ್ತಾರೆ, ಸೈಟಿನಲ್ಲೂ ಅಷ್ಟೇ.

ಇನ್ನು ಸುದ್ದಿ ಸೈಟುಗಳು. ನಾನು ದಿನಾ ನೋಡುವವುಗಳ ಮೆನುವಿನಲ್ಲಿ ಜ್ಯೋತಿಷ್ಯಕ್ಕೆ ಒಂದು ವಿಭಾಗ ಇದೆ, ಸಿನಿಮಾಕ್ಕೆ ಇದೆ, ಜಾತಿಗೆ ಇಲ್ಲ. ದೌರ್ಜನ್ಯದ ಸುದ್ದಿ ‘ಕ್ರೈಂ’ಗೆ ಹೋಗುತ್ತೆ, ಸರಗಳ್ಳತನದ ಪಕ್ಕಕ್ಕೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಈಗ ಚಿಕ್ಕಬಳ್ಳಾಪುರ ಅಂತ ಆರಿಸಿದರೆ ಕೋಲಾರದ ಹೆಸರಿನಲ್ಲಿ ಕೂತ ಹಳೆಯ ವರದಿ ಹೇಗೆ ಸಿಗಬೇಕು? ಊರಿನ ಹೆಸರನ್ನು ಒಬ್ಬರು ‘ಪಲ್ಲಿ’ ಅಂತ ಬರೀತಾರೆ, ಇನ್ನೊಬ್ಬರು ‘ಪಳ್ಳಿ’ ಅಂತ. ಒಂದಕ್ಷರಕ್ಕೆ ಏಳು ಹೆಣ ಮರೆಯಾಗುತ್ತೆ.

ಕನ್ನಡದ್ದೇ ಆದ ಕಷ್ಟಗಳೂ ಇವೆ. ಅಂಬೇಡ್ಕರ್, ಅಂಬೇಡ್ಕರ, ಅಂಬೇಡಕರ್, ಮೇಲೆ ಅಂಬೇಡ್ಕರರ, ಅಂಬೇಡ್ಕರಿಗೆ ಅಂತ ವಿಭಕ್ತಿ ಸೇರಿದ ರೂಪಗಳು. ಇವೆಲ್ಲ ಒಂದೇ ಅಂತ ಹುಡುಕುವ ಯಂತ್ರಕ್ಕೆ ಕಲಿಸಬೇಕು. ಯೂನಿಕೋಡ್ ಬರುವ ಮುಂಚೆ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪುಟಗಳನ್ನು ಪರಿವರ್ತಿಸದಿದ್ದರೆ ಹುಡುಕಾಟಕ್ಕೆ ಅವು ಬರೀ ಗೀಚು. ಚಳವಳಿಯ ಕರಪತ್ರಗಳನ್ನು ಸ್ಕ್ಯಾನ್ ಮಾಡಿ ಏರಿಸ್ತಾರೆ, ಅದು ಚಿತ್ರವಾಗಿ ಕೂತಿರುತ್ತೆ, ಒಳಗಿನ ಒಂದು ಪದವೂ ಸಿಗೋದಿಲ್ಲ. ಡಿಜಿಟಲ್ ಆಯಿತು ಅಂತ ಫೋಟೋ ಮಾತ್ರ ಬರುತ್ತೆ.

ಲೇಖಕರ ಜಾತಿಯನ್ನೂ ಒಂದು ವಿಭಾಗ ಮಾಡೋಣ ಅಂತ ಒಬ್ಬ ಉತ್ಸಾಹಿ ಗೆಳೆಯರು ಹೇಳಿದರು. ಬೇಡಣ್ಣ. ತಾನು ಇಂಥವನು ಅಂತ ಲೇಖಕ ತಾನೇ ಹೇಳಿಕೊಂಡಿದ್ದರೆ ದಾಖಲಿಸಿ. ಅಡ್ಡಹೆಸರು ನೋಡಿ, ಊರು ನೋಡಿ ಊಹಿಸಿ ಚೀಟಿ ಅಂಟಿಸುವ ಕೆಲಸವನ್ನು ಈ ಸಮಾಜ ಸಾಕಷ್ಟು ಮಾಡಿದೆ, ಕಂಪ್ಯೂಟರಿಗೂ ಅದನ್ನು ಕಲಿಸೋದು ಬೇಡ.

ಸರ್ಕಾರದ ದುಡ್ಡಿನಲ್ಲಿ ನಡೆಯುವ ಡಿಜಿಟಲ್ ಸಂಗ್ರಹಗಳಿಗೆ ನಾವು ಕೇಳಬೇಕಾದ್ದು ಇಷ್ಟು: ವಿಭಾಗಗಳ ಪಟ್ಟಿಯನ್ನು ಯಾರು ಮಾಡಿದರು ಅಂತ ಬಹಿರಂಗ ಮಾಡಿ. ಆ ಸಮಿತಿಯಲ್ಲಿ ನಮ್ಮ ಸಂಶೋಧಕರು, ಗ್ರಂಥಪಾಲಕರು ಇರಲಿ. ಜನ ಯಾವ ಪದ ಹುಡುಕಿ ಬರಿಗೈಲಿ ವಾಪಸಾದರು ಅನ್ನೋ ಪಟ್ಟಿ ನಿಮ್ಮ ಯಂತ್ರದಲ್ಲೇ ಇರುತ್ತೆ, ತಿಂಗಳಿಗೊಮ್ಮೆ ಅದನ್ನು ತೆಗೆದು ಓದಿ. ಗೆಳೆಯರು ಒಂದು ಕೆಲಸ ಮಾಡಿ. ನೀವು ಬಳಸುವ ಸೈಟಿನಲ್ಲಿ ಈ ವಾರ ನಾಲ್ಕು ಪದ ಹಾಕಿ ನೋಡಿ: ಕಂಬಾಲಪಲ್ಲಿ, ಬೂಸಾ, ಪಂಚಮ, ಆದಿ ಕರ್ನಾಟಕ. ಎಷ್ಟು ಬಂತು, ಯಾವ ವಿಭಾಗದಲ್ಲಿ ಬಂತು ಅಂತ ಬರೆದಿಟ್ಟು ನನಗೆ ಕಳಿಸಿ. ಪಟ್ಟಿ ಸೇರಿಸಿ ಮನವಿಯ ಜೊತೆ ಲಗತ್ತಿಸೋಣ.

ಜೈ ಭೀಮ್.