ಟಿ.ವಿ. ದೊಡ್ಡದಾಯ್ತು, ಚಿತ್ರ ಯಾಕೆ ಮಂಜು?

ದಾವಣಗೆರೆ ಮಂಡಿಪೇಟೆಯ ಕಿರಾಣಿ ವ್ಯಾಪಾರಸ್ಥರೊಬ್ಬರು 2025ರ ದೀಪಾವಳಿಗೆ ಮನೆಗೆ 55 ಇಂಚಿನ ಫೋರ್‌ಕೆ ಟಿ.ವಿ. ತಂದರು. ಹನ್ನೆರಡು ಕಂತು. ಗೋಡೆಗೆ ಬಿಗಿದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದ್ದಾಯಿತು. ಸಂಜೆ ಏಳಕ್ಕೆ ಮನೆಮಂದಿಯೆಲ್ಲ ಧಾರಾವಾಹಿಗೆ ಕುಳಿತರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಅಜ್ಜಿಯೇ ಬಾಯಿಬಿಟ್ಟರು: "ಹಳೇ ಟಿ.ವಿ.ನೇ ಚೆನ್ನಾಗಿತ್ತಲ್ಲೋ, ಇದರಾಗೆ ಮುಖ ಎಲ್ಲಾ ಮಂಜು ಮಂಜು ಕಾಣ್ತವೆ."

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ ಎಂದು ಮನೆಯವರು ನಕ್ಕರು. ಅಜ್ಜಿ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ.

ಅಶೋಕ ರಸ್ತೆಯಲ್ಲಾಗಲಿ, ಪಿ.ಬಿ. ರಸ್ತೆಯಲ್ಲಾಗಲಿ, ಹಬ್ಬ ಬಂತೆಂದರೆ ಟಿ.ವಿ. ಭರಾಟೆ ನೋಡಬೇಕು. ಒಳಗೆ ಕಾಲಿಟ್ಟ ಗಿರಾಕಿ ಕೇಳುವುದು ಒಂದೇ ಮಾತು: "ಎಷ್ಟು ಇಂಚು, ಎಷ್ಟಕ್ಕೆ?" ಅಂಗಡಿಯ ಹುಡುಗ ಹೇಳುವುದೂ ಒಂದೇ ಮಾತು: "ಇನ್ನೊಂದ್ ಐದ್ ಸಾವಿರ ಹಾಕ್ರಿ ಸಾರ್, ಫೋರ್‌ಕೆ ಬರ್ತದೆ." ಆ ಐದು ಸಾವಿರಕ್ಕೆ ಮನೆಯಲ್ಲಿ ಸಿಗುವುದೇನು ಎಂದು ಕೇಳುವವರಿಲ್ಲ, ಹೇಳುವವರೂ ಇಲ್ಲ.

ಲೆಕ್ಕ ಸಣ್ಣದು. ಟಿ.ವಿ. ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ಹಳೆಯ ಸಾಮಾನ್ಯ ಪ್ರಸಾರ, ಕೇಬಲ್‌ನವರು ಎಸ್‌ಡಿ ಅನ್ನುವುದು, ಅಡ್ಡ 720, ಉದ್ದ 576 ಚುಕ್ಕಿ. 'ಎಚ್‌ಡಿ ರೆಡಿ' ಟಿ.ವಿ.ಯಲ್ಲಿ ಸಾಮಾನ್ಯವಾಗಿ 1366ಕ್ಕೆ 768. 'ಫುಲ್ ಎಚ್‌ಡಿ' ಅಂದರೆ 1920ಕ್ಕೆ 1080. 'ಫೋರ್‌ಕೆ' ಅಂದರೆ 3840ಕ್ಕೆ 2160. ಗುಣಿಸಿ ನೋಡಿ. ಎಸ್‌ಡಿಯಲ್ಲಿ 4 ಲಕ್ಷದ 14 ಸಾವಿರದಷ್ಟು ಚುಕ್ಕಿ, ಫೋರ್‌ಕೆಯಲ್ಲಿ 82 ಲಕ್ಷದ 94 ಸಾವಿರ. ಸರಿಯಾಗಿ ಇಪ್ಪತ್ತು ಪಟ್ಟು!

ಅಬ್ಬಾ ಎನಿಸಬಹುದು. ಆದರೆ ಟಿ.ವಿ.ಯಲ್ಲಿ ಅಷ್ಟು ಚುಕ್ಕಿ ಇದ್ದ ಮಾತ್ರಕ್ಕೆ ಬರುವ ಚಿತ್ರದಲ್ಲಿ ಅಷ್ಟು ಚುಕ್ಕಿ ಇರಬೇಕಲ್ಲ? ಎಸ್‌ಡಿ ಪೆಟ್ಟಿಗೆಯಿಂದ ಬಂದ ಒಂದು ಚುಕ್ಕಿಯನ್ನು ಆ ದೊಡ್ಡ ಟಿ.ವಿ. ಇಪ್ಪತ್ತು ಚುಕ್ಕಿಯ ಜಾಗಕ್ಕೆ ಎಳೆಯಬೇಕು. ಒಂದು ಬೆಣ್ಣೆದೋಸೆಯ ಹಿಟ್ಟಿನಲ್ಲಿ ಇಪ್ಪತ್ತು ದೋಸೆ ಹುಯ್ದಂತೆ. ಹೆಂಚು ಎಷ್ಟು ದೊಡ್ಡದಾದರೇನು, ದೋಸೆ ಹರಿಯುತ್ತದೆ. ಮಂಡಿಪೇಟೆಯ ಅಜ್ಜಿ ಕಂಡ ಮಂಜು ಇದೇ. ಹಳೆಯ ಟಿ.ವಿ. ಚಿಕ್ಕದಿತ್ತು, ಹಿಟ್ಟಿಗೆ ತಕ್ಕ ಹೆಂಚು.

ಊರಲ್ಲಿ ಈ ಎಸ್‌ಡಿ ಪೆಟ್ಟಿಗೆಗಳು ಯಾಕೆ ಇನ್ನೂ ಇವೆ ಎಂಬುದಕ್ಕೂ ಕಾರಣವಿದೆ. ಕೇಬಲ್ಲನ್ನು ಡಿಜಿಟಲ್ ಮಾಡುವ ಕೆಲಸ 2012ರಲ್ಲಿ ಮಹಾನಗರಗಳಿಂದ ಶುರುವಾಯಿತು. ಬೆಂಗಳೂರು, ಮೈಸೂರುಗಳ ಸರದಿ 2013ರಲ್ಲಿ. ಮಿಕ್ಕ ಊರುಗಳಿಗೆ ಅದು ಮುಟ್ಟುವಾಗ 2017. ಕಡ್ಡಾಯವೆಂದು ಅವಸರದಲ್ಲಿ ಮನೆಮನೆಗೆ ಹಂಚಿದ ಪೆಟ್ಟಿಗೆ ಅಗ್ಗದ್ದೇ ಆಗಬೇಕಲ್ಲ, ಬಹುಪಾಲು ಎಸ್‌ಡಿಯೇ. ಅದನ್ನು ಬದಲಾಯಿಸಿ ಎಂದು ಗಿರಾಕಿ ಕೇಳಲಿಲ್ಲ, ತಾನಾಗಿ ಬದಲಾಯಿಸುವ ಉಸಾಬರಿಗೆ ಕೇಬಲ್‌ನವರೂ ಹೋಗಲಿಲ್ಲ. ಕೆಂಪು, ಬಿಳಿ, ಹಳದಿ ಮೂರು ಬಣ್ಣದ ವೈರು ಇಂದಿಗೂ ಎಷ್ಟೋ ಮನೆಗಳ ಟಿ.ವಿ. ಹಿಂದೆ ನೇತಾಡುತ್ತಿದೆ. ಆ ವೈರಿನಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ಅದಕ್ಕೆ ಎಚ್‌ಡಿಎಂಐ ಎಂಬ ಚಪ್ಪಟೆ ಮೂತಿಯ ವೈರೇ ಬೇಕು, ಪೆಟ್ಟಿಗೆಯೂ ಎಚ್‌ಡಿಯದ್ದೇ ಬೇಕು, ಕಟ್ಟಿದ ಪ್ಯಾಕಿನಲ್ಲಿ ಎಚ್‌ಡಿ ವಾಹಿನಿಯೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೆ ನಲವತ್ತು ಸಾವಿರದ ಟಿ.ವಿ.ಯೂ ಮಂಜೇ.

ಹಾಗಾದರೆ ಎಚ್‌ಡಿಗೆ ಹೆಚ್ಚು ಕೊಡುವುದೇ ದಂಡವೆ? ಅಲ್ಲ. ಎಸ್‌ಡಿಯಿಂದ ಎಚ್‌ಡಿಗೆ ಹೋದವರಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ. ಸುದ್ದಿಯ ಕೆಳಗೆ ಓಡುವ ಅಕ್ಷರ ಅಜ್ಜಿಗೂ ಓದಲು ಬರುತ್ತದೆ, ಕ್ರಿಕೆಟ್ ಚೆಂಡು ಬೌಂಡರಿ ತನಕ ಕಾಣಿಸುತ್ತದೆ. ಉದಯ, ಕಲರ್ಸ್ ಕನ್ನಡ, ಝೀ ಕನ್ನಡ, ಸ್ಟಾರ್ ಸುವರ್ಣ ಎಲ್ಲಕ್ಕೂ ಎಚ್‌ಡಿ ರೂಪ ಬಂದಿದೆ. ತಿಂಗಳ ಬಿಲ್ಲು ಮಾತ್ರ ಏರುತ್ತದೆ. 2019ರ ಟ್ರಾಯ್ ಲೆಕ್ಕದಲ್ಲಿ ಒಂದು ಎಚ್‌ಡಿ ವಾಹಿನಿ ಎರಡು ಎಸ್‌ಡಿ ವಾಹಿನಿಗೆ ಸಮ. ಆಗ ನೂರು ವಾಹಿನಿಯ ಜಾಗಕ್ಕೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. 2024ರಲ್ಲಿ ಆ ಮಿತಿಯನ್ನೂ ತೆಗೆದರು. ಆದ್ದರಿಂದ ಇಡೀ ಪ್ಯಾಕನ್ನೇ ಎಚ್‌ಡಿ ಮಾಡಿಸುವ ಬದಲು, ಮನೆಯವರು ದಿನಾ ನೋಡುವ ನಾಲ್ಕು ವಾಹಿನಿಯನ್ನಷ್ಟೇ ಎಚ್‌ಡಿಯಲ್ಲಿ ಕೇಳಿ ಪಡೆಯುವುದು ಜಾಣತನ. ಬಿಡಿಬಿಡಿಯಾಗಿ ಆರಿಸಿಕೊಳ್ಳುವುದು ಗಿರಾಕಿಯ ಹಕ್ಕು. ಕೇಬಲ್ ಹುಡುಗ "ಹಂಗೆಲ್ಲ ಬರಲ್ಲ" ಅಂದರೆ ನಂಬಬೇಕಿಲ್ಲ. ತಿಂಗಳ ಬಾಡಿಗೆಯೇ ಬೇಡವೆಂದು ದೂರದರ್ಶನದ ಫ್ರೀ ಡಿಶ್ ಹಾಕಿಸಿಕೊಂಡ ಹಳ್ಳಿಯ ಮನೆಗಳಲ್ಲಿ ಬರುವ ವಾಹಿನಿಗಳು ಬಹುತೇಕ ಎಸ್‌ಡಿಯೇ. ಅಂಥ ಮನೆಗೆ 32 ಇಂಚಿನ ಎಚ್‌ಡಿ ರೆಡಿ ಸಾಕು, ಅದಕ್ಕಿಂತ ದೊಡ್ಡದು ತಂದರೆ ಮಂಜನ್ನೇ ದೊಡ್ಡದು ಮಾಡಿದಂತೆ.

ತಕರಾರು ಇರುವುದು ಎಚ್‌ಡಿ ಬಗ್ಗೆ ಅಲ್ಲ, ಅದರ ಮೇಲಿನ ಮೆಟ್ಟಿಲಿನ ಬಗ್ಗೆ. ನಮ್ಮ ದೇಶದಲ್ಲಿ ವಾಹಿನಿಗಳ ಎಚ್‌ಡಿ ಪ್ರಸಾರ ನಿಲ್ಲುವುದೇ 1920ಕ್ಕೆ 1080ರ ಹತ್ತಿರ, ಅಂದರೆ ಫುಲ್ ಎಚ್‌ಡಿಗೆ. ಕನ್ನಡದ ಧಾರಾವಾಹಿ, ಕನ್ನಡದ ಸುದ್ದಿ ಕೇಬಲ್ಲಿನಲ್ಲಿ ಫೋರ್‌ಕೆಯಾಗಿ ಬರುವುದಿಲ್ಲ. ಫೋರ್‌ಕೆ ಬೇಕಾದರೆ ಇಂಟರ್ನೆಟ್ಟಿನ ದಾರಿಯೇ ಗತಿ. 2023ರಲ್ಲಿ ಜಿಯೋ ಸಿನಿಮಾ ಐಪಿಎಲ್ ಪಂದ್ಯಗಳನ್ನು ಫೋರ್‌ಕೆಯಲ್ಲಿ ತೋರಿಸಿದ್ದು ನಿಜ. ನೆಟ್‌ಫ್ಲಿಕ್ಸ್‌ನಂಥವರೂ ಕೊಡುತ್ತಾರೆ. ಆದರೆ ಅದಕ್ಕೆ ದುಬಾರಿ ಚಂದಾ, ಜೊತೆಗೆ ಗಂಟೆಗೆ 7 ಜಿಬಿ ತನಕ ಡೇಟಾ. ಹರಿಹರದ ಬಸ್ಸಿನಲ್ಲಿ ದಿನಾ ಓಡಾಡುವ ಗುಮಾಸ್ತನ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಮನೆಗೆ ಹೋಗಿ ಅದನ್ನೇ ಟಿ.ವಿ.ಗೆ ಹಾಟ್‌ಸ್ಪಾಟ್ ಕೊಟ್ಟರೆ ಸಿನಿಮಾದ ನಾಯಕ ಬರುವ ಹೊತ್ತಿಗೆ ಡೇಟಾ ಖಲಾಸ್. ಮನೆಗೆ ಫೈಬರ್ ಸಂಪರ್ಕ ಇದ್ದವರ ಮಾತು ಬೇರೆ.

ಇನ್ನು ಕಣ್ಣಿನ ಮಾತು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವಿದ್ದರೆ ಎರಡು ಚುಕ್ಕಿಯನ್ನು ಬೇರೆ ಬೇರೆಯಾಗಿ ಕಾಣುತ್ತದೆ. ಅದಕ್ಕಿಂತ ಒತ್ತಾಗಿದ್ದರೆ ಎರಡೂ ಒಂದೇ. ಈ ಅಳತೆ ಹಿಡಿದು ಲೆಕ್ಕ ಹಾಕಿದರೆ, 43 ಇಂಚಿನ ಫುಲ್ ಎಚ್‌ಡಿ ಟಿ.ವಿ.ಯ ಚುಕ್ಕಿಗಳು ಐದೂವರೆ ಅಡಿ ದಾಟುತ್ತಲೇ ಒಂದರಲ್ಲೊಂದು ಬೆರೆತು ಹೋಗುತ್ತವೆ. 55 ಇಂಚಿನದು ಏಳು ಅಡಿ ದಾಟಿದರೆ ಬೆರೆಯುತ್ತದೆ. 32 ಇಂಚಿನ ಬರೀ ಎಚ್‌ಡಿ ರೆಡಿಯೂ ಆರು ಅಡಿಗೆ ಬೆರೆಯುತ್ತದೆ. ಆಮೇಲೆ ಅದೇ ಅಳತೆಯ ಪರದೆಯಲ್ಲಿ ನಾಲ್ಕು ಪಟ್ಟು ಚುಕ್ಕಿ ತುಂಬಿದರೂ ಕಣ್ಣಿಗೆ ಅದರ ಸುಳಿವೇ ಸಿಗದು.

ಮನೆಯ ಪಡಸಾಲೆಯಲ್ಲಿ ಒಂದು ಗೋಡೆಗೆ ಟಿ.ವಿ., ಎದುರು ಗೋಡೆಗೆ ಸೋಫಾ. ನಡುವೆ ಎಂಟೋ ಒಂಬತ್ತೋ ಅಡಿ. ಅಲ್ಲಿ ಕೂತು 43 ಇಂಚಿನ ಫುಲ್ ಎಚ್‌ಡಿಗೂ ಫೋರ್‌ಕೆಗೂ ವ್ಯತ್ಯಾಸ ಹುಡುಕುವವರು ದುರ್ಬೀನು ತರಬೇಕು. ಹೋಟೆಲಿನ ಗಲ್ಲಾದ ಮೇಲೆ, ಕ್ಷೌರದಂಗಡಿಯ ಮೂಲೆಯಲ್ಲಿ, ಬಸ್ ನಿಲ್ದಾಣದ ಮಗ್ಗುಲ ಬೇಕರಿಯಲ್ಲಿ ಟಿ.ವಿ. ಇರುವುದು ಆಳೆತ್ತರಕ್ಕೂ ಮೇಲೆ. ನೋಡುವವರು ಹತ್ತು ಹನ್ನೆರಡು ಅಡಿ ದೂರ. ಅಂಥ ಕಡೆ ಫೋರ್‌ಕೆಗೆ ಸುರಿದ ಹಣ ಗಿರಾಕಿಯ ಕಣ್ಣಿಗೆ ಬೀಳುವುದೇ ಇಲ್ಲ.

ಟಿ.ವಿ. ಅಂಗಡಿಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದಲ್ಲ ಎಂದರೆ, ಹೌದು. ಅಲ್ಲಿ ಗಿರಾಕಿ ನಿಲ್ಲುವುದು ಎರಡಡಿ ದೂರದಲ್ಲಿ. ಓಡುತ್ತಿರುವುದು ಕಂಪನಿಯೇ ಕಳಿಸಿದ ಗಿಳಿ, ಹೂವು, ಜಲಪಾತದ ಚಿತ್ರ. ಬಣ್ಣ, ಬೆಳಕು ಎರಡನ್ನೂ ತುದಿಗೆ ಏರಿಸಿಟ್ಟಿರುತ್ತಾರೆ. ಗಿಳಿ ನೋಡಿ ಟಿ.ವಿ. ಕೊಂಡವರು ಮನೆಯಲ್ಲಿ ನೋಡುವುದು ಅತ್ತೆ–ಸೊಸೆ ಜಗಳ. "ಸ್ವಲ್ಪ ಕನ್ನಡ ವಾಹಿನಿ ಹಾಕಪ್ಪ" ಅಂದು, ಎಂಟು ಹೆಜ್ಜೆ ಹಿಂದೆ ನಿಂತು ನೋಡಿದರೆ ಅರ್ಧ ವ್ಯಾಪಾರ ಅಲ್ಲೇ ಇತ್ಯರ್ಥ.

ಅಂಗಡಿಯವರ ಕಷ್ಟವೂ ಇಲ್ಲದಿಲ್ಲ. ದೊಡ್ಡ ಅಳತೆಗೆ ಹೋದರೆ ಫುಲ್ ಎಚ್‌ಡಿ ಸಿಗುವುದೇ ಅಪರೂಪ. 50 ಇಂಚು ದಾಟಿದ ಮೇಲೆ ಕಂಪನಿಗಳು ಕಳಿಸುವುದೆಲ್ಲ ಹೆಚ್ಚೂಕಮ್ಮಿ ಫೋರ್‌ಕೆಯೇ. ಆ ಅಳತೆಯೇ ಬೇಕೆಂದವರು ಫೋರ್‌ಕೆ ಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಟಿ.ವಿ.ಗೆ ಕಂಪ್ಯೂಟರ್ ಜೋಡಿಸುವ, ಹತ್ತಿರ ಕೂತು ಆಟ ಆಡುವ ಹುಡುಗರಿದ್ದ ಮನೆಗೂ ಫೋರ್‌ಕೆ ಕೆಲಸಕ್ಕೆ ಬರುತ್ತದೆ. ಮಾತು ಬರುವುದು 43ರ ಆಸುಪಾಸಿನಲ್ಲಿ. ಮಧ್ಯಮ ವರ್ಗದ ಜೇಬಿಗೆ ಕತ್ತರಿ ಬೀಳುವ ಜಾಗವೂ ಅದೇ.

ತೆರಿಗೆಯ ಕಥೆಯನ್ನೂ ನೋಡಿ. 32 ಇಂಚಿನವರೆಗಿನ ಟಿ.ವಿ.ಗೆ 2019ರ ಜನವರಿಯಿಂದಲೇ ಜಿಎಸ್‌ಟಿ ಶೇ. 18. ಅದಕ್ಕಿಂತ ದೊಡ್ಡದಕ್ಕೆ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ 20 ಸಾವಿರದ ಟಿ.ವಿ. 25,600ರಿಂದ 23,600ಕ್ಕೆ ಬರಬೇಕು. ಎರಡು ಸಾವಿರ ಉಳಿತಾಯ! ಆ ಎರಡು ಸಾವಿರ ಜೇಬಿನಲ್ಲಿ ಉಳಿಯಿತೆ? "ಹೆಂಗೂ ಟ್ಯಾಕ್ಸ್ ಇಳಿದೈತಿ, ಒಂದ್ ಸೈಜ್ ದೊಡ್ಡದು ತಗೊಳ್ರಿ" ಎಂಬ ಮಾತಿಗೆ ಅದರ ಮೇಲೆ ಹತ್ತು ಸಾವಿರ ಕೂಡಿಸಿ ಕೊಟ್ಟು ಬಂದವರೇ ಹೆಚ್ಚು.

ಕೊಡುವುದೂ ಕಂತಿನಲ್ಲಿ. 'ಬಡ್ಡಿ ಇಲ್ಲದ ಕಂತು' ಎಂಬ ಬೋರ್ಡಿಗೆ ಮರುಳಾಗುವ ಮುನ್ನ ಒಂದು ಸಂಗತಿ ನೆನಪಿರಲಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ: ಒಂದೋ ನಗದಿಗೆ ಸಿಗಬೇಕಿದ್ದ ರಿಯಾಯಿತಿಯಲ್ಲಿ, ಇಲ್ಲಾ ಪ್ರೊಸೆಸಿಂಗ್ ಶುಲ್ಕದಲ್ಲಿ. "ನಗದು ಕೊಟ್ಟರೆ ಎಷ್ಟು?" ಎಂದು ಮೊದಲು ಕೇಳಿ, ಆಮೇಲೆ ಕಂತಿನ ಒಟ್ಟು ಕೂಡಿ ನೋಡಿದರೆ ಅಡಗಿದ್ದು ಹೊರಗೆ ಬರುತ್ತದೆ. ದಿನಾ ತಕ್ಕಡಿ ಹಿಡಿಯುವ ವ್ಯಾಪಾರಸ್ಥರೇ ಈ ಒಂದು ಕಡೆ ತಕ್ಕಡಿ ಮರೆಯುವುದು ಸೋಜಿಗ.

1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗಲೂ ಕಪ್ಪು–ಬಿಳುಪು ಇರುವಾಗ ಬಣ್ಣಕ್ಕೆ ಅಷ್ಟು ದುಡ್ಡು ಯಾಕೆ ಎಂಬ ಮಾತು ಇತ್ತು. ಆಗ ಉತ್ತರ ಸುಲಭ. ಸೆಟ್ ತಂದ ದಿನವೇ ಬಣ್ಣ ಕಂಡಿತು, ಯಾವ ಮೂಲೆಯಲ್ಲಿ ಕೂತರೂ ಕಂಡಿತು. ಫೋರ್‌ಕೆ ಹಾಗಲ್ಲ. ಹುಡುಕಿದರೂ ಕಾಣದ್ದಕ್ಕೆ ಕೊಡುವ ಐದು ಸಾವಿರದಲ್ಲಿ ಎಚ್‌ಡಿ ಪೆಟ್ಟಿಗೆ ಬರುತ್ತದೆ, ಎಚ್‌ಡಿಎಂಐ ವೈರು ಬರುತ್ತದೆ, ತೆಳು ಟಿ.ವಿ.ಯ ಗೊಗ್ಗರು ದನಿಗೆ ಬದಲಿಯಾಗಿ ಒಂದು ಸಾಧಾರಣ ಸ್ಪೀಕರೂ ಬರುತ್ತದೆ.

ಜಿಲ್ಲೆಯ ಟಿ.ವಿ. ವ್ಯಾಪಾರಸ್ಥರು ಮನಸ್ಸು ಮಾಡಿದರೆ ಎರಡು ಕೆಲಸ ಸಾಕು. ಪ್ರತಿ ಅಂಗಡಿಯಲ್ಲೂ ಒಂದು ಟಿ.ವಿ.ಗೆ ಊರಿನ ಕೇಬಲ್ ಸಂಪರ್ಕವನ್ನೇ ಕೊಟ್ಟು ಇಡುವುದು. ಬಿಲ್ಲಿನ ಮೇಲೆ ಇಂಚಿನ ಜೊತೆಗೆ 1366 ಚುಕ್ಕಿಯದ್ದೋ 1920ರದ್ದೋ 3840ರದ್ದೋ, ಪರದೆಗೆ ಗ್ಯಾರಂಟಿ ಎಷ್ಟು ವರ್ಷ ಎಂದು ಸ್ಪಷ್ಟವಾಗಿ ಬರೆಯುವುದು. 'ಎಚ್‌ಡಿ' ಎಂದಷ್ಟೇ ಗೀಚಿ, ಫುಲ್ ಎಚ್‌ಡಿ ಬೆಲೆಗೆ ಎಚ್‌ಡಿ ರೆಡಿ ದಾಟಿಸುವ ಕೈಚಳಕ ಅಲ್ಲಿಗೆ ನಿಲ್ಲುತ್ತದೆ. ಆನ್‌ಲೈನಿನ ಅಗ್ಗಕ್ಕೆ ಗಿರಾಕಿ ಓಡುತ್ತಿದ್ದಾನೆ ಎಂದು ಗೊಣಗುವವರಿಗೆ ಅವನನ್ನು ಮರಳಿ ಕರೆಯುವ ದಾರಿಯೂ ಇದೇ. ಕಂಪ್ಯೂಟರಿನ ಪರದೆ ಎಂಟು ಅಡಿ ದೂರ ನಿಲ್ಲಿಸಿ ತೋರಿಸಲಾರದು. ಹೇಳಿದ್ದೊಂದು ಕೊಟ್ಟಿದ್ದೊಂದು ಆದಾಗ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ಬಿಲ್ಲು ಕೈಯಲ್ಲಿರಬೇಕು. ಬಿಲ್ಲಿಲ್ಲದೆ ಐನೂರು ಉಳಿಸಿದವರ ಮಾತು ಅಲ್ಲಿ ನಡೆಯದು.

ಮಂಡಿಪೇಟೆಯ ಮನೆಗೆ ಮೂರು ತಿಂಗಳ ಮೇಲೆ ಕೇಬಲ್ ಹುಡುಗ ಬಂದ. ಮೂರು ಬಣ್ಣದ ವೈರು ಕಿತ್ತು, ಹೊಸ ಪೆಟ್ಟಿಗೆ ಇಟ್ಟು, ಎಚ್‌ಡಿಎಂಐ ವೈರು ಸಿಕ್ಕಿಸಿ ಹೋದ. ಸಂಜೆ ಧಾರಾವಾಹಿ ಶುರುವಾದಾಗ ಅಜ್ಜಿ ಕನ್ನಡಕ ಒರೆಸಿಕೊಂಡು, "ಈಗ ಕಾಣ್ತು ನೋಡು, ಸೀರೆ ಅಂಚು" ಎಂದರು. ಬಾಕಿ ಕಂತು ಇನ್ನೂ ಒಂಬತ್ತು.