ಹಗೇವಿನ ಬಾಯಿ ತೆರೆಯುವ ಮುನ್ನ

ನಮ್ಮ ಹಿರಿಯೂರು ಸೀಮೆಯ ಇಂದಿನ ಮಕ್ಕಳಿಗೆ ಹಗೇವು ಎಂದರೇನೆಂದು ಬಿಡಿಸಿ ಹೇಳಬೇಕಾಗಿದೆ. ಗಟ್ಟಿನೆಲದಲ್ಲಿ ತೋಡಿದ ಆಳವಾದ ಗುಂಡಿ. ಒಬ್ಬನು ಇಳಿಯುವಷ್ಟೇ ಕಿರಿದಾದ ಬಾಯಿ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಧಾನ್ಯ ಕೆಡುತ್ತಿರಲಿಲ್ಲ. ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ಕುಗ್ಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ. ಆ ಗಾಳಿಗೆ ಹುಳು, ಮನುಷ್ಯ ಎಂಬ ಭೇದವಿಲ್ಲ.

ಆದ್ದರಿಂದಲೇ ನನ್ನ ಅಜ್ಜ ಹಗೇವು ತೆರೆದ ದಿನ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮರುದಿನ ಹಗ್ಗಕ್ಕೆ ಲಾಟೀನು ಕಟ್ಟಿ ತಳದವರೆಗೆ ಬಿಡುತ್ತಿದ್ದರು. ದೀಪ ಮಂಕಾದರೆ ಮತ್ತೂ ಕಾಯುವುದು. ಚೆನ್ನಾಗಿ ಉರಿದರೂ ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಹಿಡಿಯಲು ಇಬ್ಬರು. "ಮಾತಾಡ್ತಾ ಇರಲೋ, ಮಾತು ನಿಂತ್ರೆ ಎಳೀತೀವಿ" ಎನ್ನುತ್ತಿದ್ದರು. ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಕಂಪ್ಯೂಟರ್ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಅವರಲ್ಲೂ ಹಗೇವುಗಳಿವೆಯಂತೆ: ಅಂತರ್ಜಾಲದ ಸಂಪರ್ಕವೇ ಇಲ್ಲದಂತೆ ಪ್ರತ್ಯೇಕಿಸಿಟ್ಟ ಯಂತ್ರಗಳು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ ಇರಾನಿನ ನತಾಂಜ್ ಅಣುಕೇಂದ್ರದ ಅಂಥ ಯಂತ್ರಗಳನ್ನು ಪೆನ್‌ಡ್ರೈವ್ ಮೂಲಕ ಹೊಕ್ಕಿತೆಂದು ತಜ್ಞರ ನಂಬಿಕೆ. ಆದಕಾರಣ ಗುರುತಿಲ್ಲದ ಪೆನ್‌ಡ್ರೈವನ್ನು ಅವರು ಹತ್ತಿರ ಸುಳಿಯಗೊಡುವುದಿಲ್ಲವಂತೆ. ಒಳ್ಳೆಯದೇ. ಯಂತ್ರದ ಬಗೆಗಿರುವ ಈ ಎಚ್ಚರ ಕಾರ್ಖಾನೆಯ ತೊಟ್ಟಿಗೆ, ಮಲಗುಂಡಿಗೆ ಇಳಿಯುವ ಮನುಷ್ಯನ ಬಗೆಗೇಕಿಲ್ಲ?

ನಿಯಮಕ್ಕೇನೂ ಬರವಿರಲಿಲ್ಲ. ವಿಷಾನಿಲವಿರಬಹುದಾದ ತೊಟ್ಟಿಗೆ ಪರೀಕ್ಷೆಯ ಪ್ರಮಾಣಪತ್ರವಿಲ್ಲದೆ, ಇಲ್ಲವೇ ಉಸಿರಾಟದ ಸಾಧನವೂ ಹಗ್ಗ ಕಟ್ಟಿದ ಪಟ್ಟಿಯೂ ಇಲ್ಲದೆ ಯಾರೂ ಇಳಿಯಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಯ 36ನೆಯ ಕಲಮೇ ಹೇಳಿತ್ತು. ಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿಕಾರ್ಯವನ್ನು 2013ರ ಕಾಯಿದೆ ನಿಷೇಧಿಸಿತು. ಆದರೂ ಸಾವು ನಿಲ್ಲಲಿಲ್ಲ. ಒಬ್ಬನು ಕುಸಿದರೆ ಅವನನ್ನೆತ್ತಲು ಹಾಗೆಯೇ ಇಳಿದ ಎರಡನೆಯವನೂ ಮೇಲೆ ಬರುವುದಿಲ್ಲ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಅದು ನ್ಯಾಯವೇ, ಆದರೆ ಸತ್ತ ಮೇಲಿನ ಲೆಕ್ಕ.

(ಅಜ್ಜನ ಲಾಟೀನನ್ನು ಚರಂಡಿಗೆ ಇಳಿಬಿಡಬೇಡಿ, ಮೀಥೇನ್ ಹೊತ್ತಿಕೊಂಡೀತು. ಅಲ್ಲಿಗೆ ಅನಿಲಮಾಪಕವೇ ಬೇಕು.)

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಪೌರಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ. ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಗುಂಡಿಗೆ ಯಂತ್ರವನ್ನು ಇಳಿಸಿದನೋ, ಮನುಷ್ಯನನ್ನೋ? ಮನುಷ್ಯನನ್ನು ಎಂದಾದರೆ, ಮೇಲೆ ಹಗ್ಗ ಹಿಡಿದು ನಿಂತಿದ್ದವರು ಯಾರು?