ಹೊಲ ಬಡಾವಣೆಯಾದಾಗ ಇಂಗಾಲದ ಲೆಕ್ಕ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಡುವುದಾಗಿ ರಾಜ್ಯ ಸರ್ಕಾರ 2025ರ ಜುಲೈ 15ರಂದು ಪ್ರಕಟಿಸಿತು. ವಿಮಾನ ಉದ್ಯಮಕ್ಕೆಂದು ಗುರುತಿಸಿದ್ದ ಈ ಭೂಮಿಗಾಗಿ ರೈತರು ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದ್ದರು. ಪರಿಹಾರದ ದರ, ಉದ್ಯೋಗ, ರಾಗಿ, ತರಕಾರಿ ಎಲ್ಲವೂ ಆಗ ಚರ್ಚೆಗೆ ಬಂದವು. ಮಣ್ಣಿನೊಳಗಿರುವ ಇಂಗಾಲದ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ. ಹವಾಮಾನ ಏರುಪೇರಾಗುತ್ತಿರುವ ಈ ದಿನಗಳಲ್ಲಿ ರೈತರು ಆ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು.

ಲೆಕ್ಕ ಕಷ್ಟದ್ದೇನಲ್ಲ. ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲು ಇರುತ್ತದೆ. ನೂರಕ್ಕೆ ಅರ್ಧ ಭಾಗಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, ಮುಕ್ಕಾಲು ಭಾಗ ಮೀರಿದರೆ ಒಳ್ಳೆಯ ಮಣ್ಣು. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಅರ್ಧ ಭಾಗ ಎಂದರೆ 4,500 ಕಿಲೋ ಇಂಗಾಲ. ಇದು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲಾಮ್ಲ ಅನಿಲವಾದರೆ ತೂಕ ಮೂರೂಮುಕ್ಕಾಲು ಪಟ್ಟಿನ ಹತ್ತಿರಕ್ಕೆ ಏರಿ 16 ಟನ್ ದಾಟುತ್ತದೆ. ಬುಲ್ಡೋಜರ್ ಹೊಡೆದು ಮೇಲ್ಮಣ್ಣು ಕೆರೆದಾಗ ಇದೆಲ್ಲ ಒಮ್ಮೆಲೇ ಹಾರಿಹೋಗುವುದಿಲ್ಲ. ಆದರೆ ಕಲಕಿ ರಾಶಿ ಹಾಕಿದ ಮಣ್ಣಿನಿಂದ ಒಂದು ಪಾಲು ಕ್ರಮೇಣ ಹೋಗುತ್ತದೆ. ಇಟ್ಟಿಗೆ ಗೂಡಿಗೆ ಹೋದ ಮಣ್ಣಿನ ಇಂಗಾಲವಂತೂ ಬೆಂಕಿಯಲ್ಲೇ ಮುಗಿಯಿತು. ಬದುವಿನ ಹುಣಸೆ, ಹೊಂಗೆ, ಮಾವಿನ ಮರಗಳನ್ನೂ ಸೇರಿಸಿಕೊಳ್ಳಿ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ.

ಇಷ್ಟಾದರೂ ಮಣ್ಣಿನ ಲೆಕ್ಕ ಸಣ್ಣದು, ಅದರ ಮೇಲೆ ಏಳುವ ಕಟ್ಟಡದ್ದು ದೊಡ್ಡದು. ಸಿಮೆಂಟಿನ ಮೂಲ ಸುಣ್ಣದ ಕಲ್ಲು. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 44 ಕಿಲೋ ಇಂಗಾಲಾಮ್ಲ ಕಲ್ಲಿನಿಂದಲೇ ಹೊರಡುತ್ತದೆ. ಸುಡಲು ಬೇಕಾದ ಕಲ್ಲಿದ್ದಲಿನದು ಬೇರೆ. ಸಾವಿರ ಚದರಡಿಯ ಮನೆಗೆ ಸುಮಾರು 400 ಮೂಟೆ, ಅಂದರೆ 20 ಟನ್ ಸಿಮೆಂಟ್ ಬೇಕಾಗುತ್ತದೆ. ಒಂದು ಎಕರೆಯ ಮೇಲ್ಮಣ್ಣು ಕೊಡಬಹುದಾದಷ್ಟು ಅನಿಲವನ್ನು ಒಂದು ಮನೆಯ ಸಿಮೆಂಟೇ ಹೆಚ್ಚುಕಡಿಮೆ ಕೊಟ್ಟುಬಿಡುತ್ತದೆ. ಎಕರೆಗೆ ಹದಿನೆಂಟು ಇಪ್ಪತ್ತು ಸೈಟು ಎಂದರೆ ನೀವೇ ಗುಣಿಸಿ.

ಹಾಗೆಂದು ಜನ ಮನೆ ಕಟ್ಟಬಾರದೆ? ಕಟ್ಟಲೇಬೇಕು. ಪ್ರಶ್ನೆ ಇರುವುದು ಎಲ್ಲಿ, ಹೇಗೆ ಎಂಬುದರಲ್ಲಿ. ಊರಿನೊಳಗೆ ಕಟ್ಟಿದರೂ ಸಿಮೆಂಟ್ ಬೇಕು, ಆದರೆ ಹೊಸ ರಸ್ತೆ, ಚರಂಡಿ ಅಷ್ಟು ಬೇಡ, ಬಸ್ಸೂ ಉಂಟು. ನಲವತ್ತು ಕಿಲೋಮೀಟರ್ ದೂರದ ಬಡಾವಣೆಯಿಂದ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುವವನು ದಿನಕ್ಕೆ ಐದು ಲೀಟರಿಗೂ ಹೆಚ್ಚು ಪೆಟ್ರೋಲ್ ಸುಡುತ್ತಾನೆ. ಲೀಟರಿಗೆ 2.3 ಕಿಲೋ ಇಂಗಾಲಾಮ್ಲದಂತೆ, ಮುನ್ನೂರು ದಿನಕ್ಕೆ ಮೂರೂವರೆ ಟನ್ ದಾಟಿತು. ಇಂಥ ಐದು ಕಾರು ಸಾಕು, ಪ್ರತಿ ವರ್ಷವೂ ಒಂದು ಎಕರೆ ಮಣ್ಣಿನ ಇಂಗಾಲ ಕಳೆದಂತೆ. ಮಣ್ಣಿನದು ಒಮ್ಮೆಯ ನಷ್ಟ, ಇದು ನಿಲ್ಲದ ಖರ್ಚು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಖಾಲಿ ಬಡಾವಣೆ. ಕಲ್ಲು ನೆಟ್ಟು, ಡಾಂಬರು ಹಾಕಿ, ಬೆಲೆ ಏರಲೆಂದು ಹತ್ತಾರು ವರ್ಷ ಬಿಟ್ಟ ಜಮೀನು ರಾಗಿಯನ್ನೂ ಕೊಡದು, ಯಾರಿಗೂ ಸೂರನ್ನೂ ಕೊಡದು. ಕಾಂಗ್ರೆಸ್ ಗಿಡ ಮಾತ್ರ ಹುಲುಸಾಗಿ ಬೆಳೆಯುತ್ತದೆ. ಕೃಷಿಕರಲ್ಲದವರ ಖರೀದಿಗೆ ಇದ್ದ ತಡೆಯನ್ನು 2020ರಲ್ಲಿ ಭೂ ಸುಧಾರಣೆ ಕಾಯಿದೆಯ ತಿದ್ದುಪಡಿ ತೆಗೆದುಹಾಕಿದ ಮೇಲೆ ಇಂಥ ಆಸೆಗೆ ಹಾದಿ ಇನ್ನೂ ಸಲೀಸಾಗಿದೆ.

ಬೆಂಗಳೂರು ಬೆಳೆದ ಬಗೆಯೇ ಇದಕ್ಕೆ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಕಂಡುಕೊಂಡಂತೆ, 1973ರ ನಂತರದ ನಾಲ್ಕು ದಶಕಗಳಲ್ಲಿ ಅಲ್ಲಿನ ಕಟ್ಟಡ, ರಸ್ತೆಗಳ ವಿಸ್ತಾರ ಹತ್ತು ಪಟ್ಟಿನಷ್ಟು ಹೆಚ್ಚಿ, ಹಸಿರು ಹೊದಿಕೆ ನೂರಕ್ಕೆ 88 ಭಾಗ, ಕೆರೆಕುಂಟೆ 79 ಭಾಗ ಅಳಿದವು. ನೆರಳೂ ನೀರೂ ಹೋದಲ್ಲಿ ಸೆಕೆ ಹೆಚ್ಚುತ್ತದೆ. ಸೆಕೆಗೆ ಯಂತ್ರ, ಯಂತ್ರಕ್ಕೆ ಮತ್ತೆ ಕಲ್ಲಿದ್ದಲ ವಿದ್ಯುತ್ತು.

ಬೇಸಾಯವೂ ನಿರ್ದೋಷಿಯಲ್ಲವೆನ್ನಿ. ನೀರು ನಿಲ್ಲಿಸಿದ ಗದ್ದೆಯಿಂದ ಮೀಥೇನ್, ಮಿತಿಮೀರಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತವೆ. ಕೂಳೆಗೆ ಬೆಂಕಿ ಇಡುವುದೂ ಉಂಟು. ಆದರೆ ಹೊಲದ ತಪ್ಪನ್ನು ಮುಂದಿನ ಹಂಗಾಮಿನಲ್ಲಿ ತಿದ್ದಬಹುದು, ಕಾಂಕ್ರೀಟಿನಡಿ ಹೋದ ಹೊಲವನ್ನು ತಿದ್ದಲಾಗದು.

ಮಗಳ ಮದುವೆಗೋ ಸಾಲಕ್ಕೋ ಜಮೀನು ಮಾರಲೇಬೇಕಾದವರನ್ನು ದೂರುವುದು ಸರಿಯಲ್ಲ. ಅಂಥವರು ಭೂಪರಿವರ್ತನೆ ಮುಗಿದು ಕ್ರಯಪತ್ರ ಆಗುವ ಮುನ್ನ, ಗಣಿ ಇಲಾಖೆಯ ನಿಯಮ ವಿಚಾರಿಸಿಕೊಂಡು, ಮೇಲಿನ ಅರ್ಧ ಅಡಿ ಮಣ್ಣನ್ನು ಉಳಿದ ಜಮೀನಿಗೆ ಹರಡಿಸಿಕೊಳ್ಳುವುದು ಲೇಸು. ಇಟ್ಟಿಗೆ ಗೂಡಿನವರು ಲೋಡಿನ ಲೆಕ್ಕದಲ್ಲಿ ಕೊಡುವ ಹಣಕ್ಕಿಂತ ಆ ಮಣ್ಣು ಹೆಚ್ಚು ಬಾಳುತ್ತದೆ. ಉಳಿಸಿಕೊಂಡವರು ಕೊಟ್ಟಿಗೆ ಗೊಬ್ಬರ, ಕೆರೆಗೋಡು ಹಾಕಿ, ರಾಗಿಯ ಜೊತೆ ಅವರೆ ಅಕ್ಕಡಿ ಬಿಡದೆ, ಬದುವಿನಲ್ಲಿ ಹೊಂಗೆ, ಬೇವು, ಹೆಬ್ಬೇವು ಬೆಳೆಸಬಹುದು. ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಮಾದರಿ ತೆಗೆಯುವ ಕ್ರಮವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿಕೊಡುತ್ತಾರೆ. ಚೀಟಿ ಬಂದಾಗ ಸಾವಯವ ಇಂಗಾಲದ ಅಂಕಿಯನ್ನು ಹಿಂದಿನದರೊಡನೆ ಹೋಲಿಸಿ ನೋಡಿ.